ಗೊತ್ತೇ ಇಲ್ಲದವರ ಹೊಸ ಇಪಿಗಳನ್ನು ನೀವು ಎಲ್ಲಿ ಹುಡುಕ್ತೀರಾ?

ಕ್ಯಾತಸಂದ್ರ_ಪ್ಯಾಸೆಂಜರ್:

ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ಉದ್ದ. ಬೈಕೋಬೇಡಿ.

ನಾನು ದಿನಾ ಬೆಳಿಗ್ಗೆ ಕ್ಯಾತಸಂದ್ರದಲ್ಲಿ ಟ್ರೈನು ಹತ್ತಿ ಯಶವಂತಪುರದಲ್ಲಿ ಇಳಿಯುತ್ತೇನೆ. ಅಲ್ಲಿಂದ ಮೆಟ್ರೋ ಹಿಡಿದು ಪೀಣ್ಯ. ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಟ್ರೈನಿನಲ್ಲಿ ಒಂದು ಗಂಟೆ ಚಿಲ್ಲರೆ ಕೂರಬೇಕು. ಹಿಂದಿನಿಂದ ಎಕ್ಸ್‌ಪ್ರೆಸ್ ಬರ್ತಿದೆ ಅಂತ ಎಲ್ಲಾದರೂ ನಿಲ್ಲಿಸಿಬಿಟ್ಟರೆ ಒಂದೂವರೆ. ಲೇಡೀಸ್ ಡಬ್ಬಿಯಲ್ಲಿ ಈಗ ಅವರೇಕಾಯಿ ಕಾಲ. ಅರ್ಧ ಜನ ಕಾಯಿ ಬಿಡಿಸ್ತಾರೆ, ಇನ್ನರ್ಧ ಜನ ತೂಕಡಿಸ್ತಾರೆ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುವವಳು.

ತೊಂದರೆ ಏನಂದರೆ ನನ್ನ ಫೋನಿನಲ್ಲಿ ಹಾಡು ಕೇಳುವ ಅಕೌಂಟು ಒಂದೇ. ಅದರಲ್ಲೇ ನಾಲ್ಕು ವರ್ಷದ ಮಗಳಿಗೂ ಹಾಡು ಹಾಕಬೇಕು. ಊಟ ಮಾಡಿಸೋಕೆ ಆನೆ ಹಾಡು, ಮಲಗಿಸೋಕೆ ಚಂದಮಾಮನ ಹಾಡು. ಈಗ ಪ್ರತಿ ಸೋಮವಾರ ಸ್ಪಾಟಿಫೈ ನನಗೋಸ್ಕರ ಅಂತ ಕೊಡುವ ಡಿಸ್ಕವರ್ ವೀಕ್ಲಿ ತೆರೆದರೆ ಮೂವತ್ತು ಹಾಡಿನಲ್ಲಿ ಹನ್ನೊಂದು ಜೋಗುಳ. ಹೋದ ವಾರ ಎಣಿಸಿದೆ. ಬೆಳಿಗ್ಗೆ ಏಳೂವರೆಗೆ ಜೋಗುಳ ಕೇಳಿದರೆ ನಾನೂ ತೂಕಡಿಸುವವರ ಗುಂಪಿಗೆ ಸೇರಿಬಿಡ್ತೀನಿ.

ಉಳಿದ ಹತ್ತೊಂಬತ್ತು ಹಾಡೂ ನನಗೆ ಆಗಲೇ ಗೊತ್ತಿರುವ ಥರದವೇ. ಒಂದು ಸಲ ಒಂದು ಗಜಲ್ ಕೇಳಿದ್ದಕ್ಕೆ ಮೂರು ತಿಂಗಳು ಗಜಲ್ ಬಡಿಸಿತು. ಮದುವೆ ಮನೆಯಲ್ಲಿ ಒಂದು ಸಲ ಪಾಯಸ ಚೆನ್ನಾಗಿದೆ ಅಂದರೆ ಎಲೆ ತುಂಬ ಸುರೀತಾರಲ್ಲ, ಹಾಗೆ.

ನಮ್ಮ ಸ್ಟೋರ್ಸ್ ವಿಭಾಗದ ಹುಡುಗನೊಬ್ಬ ಪರ್ವಾಜ್ ಅನ್ನೋ ಬೆಂಗಳೂರು ಬ್ಯಾಂಡಿನ ‘ಬೇಹೋಶ್’ ಕೇಳಿಸಿದ. 2012ರದ್ದಂತೆ. ಹಾಡಿನ ಮಾತು ಉರ್ದು, ಕಾಶ್ಮೀರಿ, ಅರ್ಧ ಅರ್ಥ ಆಗಲಿಲ್ಲ. ಆದರೆ ಇಡೀ ದಿನ ಕಿವಿಯಲ್ಲೇ ಉಳೀತು. ಇದಕ್ಕೆ ಇಪಿ ಅಂತಾರೆ ಅಂತ ಅವನೇ ಹೇಳಿದ್ದು. ನಾಲ್ಕೈದು ಹಾಡು, ಇಪ್ಪತ್ತು ಇಪ್ಪತ್ತೈದು ನಿಮಿಷ. ನನ್ನ ಲೆಕ್ಕಕ್ಕೆ ಇದು ಬಹಳ ಸರಿ ಹೋಯಿತು. ಕ್ಯಾತಸಂದ್ರದಲ್ಲಿ ಶುರು ಮಾಡಿದರೆ ನಿಡವಂದದ ಹೊತ್ತಿಗೆ ಒಂದು ಮುಗಿಯುತ್ತೆ. ಅಲ್ಲಿಂದ ಗೊಲ್ಲಹಳ್ಳಿಗೆ ಇನ್ನೊಂದು. ಚಿಕ್ಕಬಾಣಾವರ ಬಂದ ಮೇಲೆ ಜನ ನುಗ್ಗೋದ್ರಿಂದ ಏನೂ ಕೇಳಿಸಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯೋದು ಬೇಡ.

ನನಗೆ ಬೇಕಿರೋದು ಇಷ್ಟು. ದೊಡ್ಡ ಕಂಪನಿಯ ಬೆಂಬಲ ಇಲ್ಲದೆ ತಾವೇ ಹಾಡು ಬಿಡುವವರ ಹೊಸ ಇಪಿಗಳು. ಭಾಷೆ ಯಾವುದಾದರೂ ಸರಿ. ಜಾತಿಯೂ ಯಾವುದಾದರೂ ಸರಿ, ಸಂಗೀತದ ಜಾತಿ ಹೇಳ್ತಿರೋದು. ತತ್ವಪದದಿಂದ ಮೆಟಲ್‌ವರೆಗೆ. ‘ಕೇಳಲೇಬೇಕಾದ 50’ ಅಂತ ಪಟ್ಟಿ ಮಾತ್ರ ಕೊಡಬೇಡಿ. ಹುಡುಕೋದು ಹೇಗೆ ಅಂತ ಹೇಳಿ.

ಇನ್ನೊಂದು ಮಾತು. ದಾಬಸ್‌ಪೇಟೆ ದಾಟಿದ ಮೇಲೆ ನನ್ನ ಫೋನಿಗೆ ನೆಟ್‌ವರ್ಕ್ ಬಂದು ಬಂದು ಹೋಗುತ್ತೆ.

---

ಬೇಸ್_ಬಾರಿಸೋನು:

ಮೇಡಂ, ಮೊದಲು ಒಂದು ಸುಲಭದ ಕೆಲಸ. ಮಗಳಿಗೆ ಹಾಡು ಹಾಕುವ ಮುಂಚೆ ಆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಸೆಷನ್ ಆನ್ ಮಾಡಿ, ಆಗ ಕೇಳಿದ್ದನ್ನು ನಿಮ್ಮ ರುಚಿ ಅಂತ ಅದು ಅಷ್ಟಾಗಿ ಲೆಕ್ಕ ಹಿಡಿಯಲ್ಲ. ಜೋಗುಳ ಕಡಿಮೆ ಆಗುತ್ತೆ. ಆದರೆ ನಿಮ್ಮ ನಿಜವಾದ ಪ್ರಶ್ನೆಗೆ ಅದು ಉತ್ತರ ಅಲ್ಲ.

ನಾನು ಬೆಂಗಳೂರಲ್ಲಿ ಒಂದು ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸ್ತೀನಿ. ಹಗಲು ಹೊತ್ತು ಬೇರೆ ಕೆಲಸ. ಎರಡು ವರ್ಷದ ಹಿಂದೆ ನಾವೂ ಒಂದು ಇಪಿ ಬಿಟ್ವಿ, ನಾಲ್ಕು ಹಾಡು. ಬ್ಯಾಂಡಿನ ಹೆಸರು ಹೇಳಲ್ಲ, ಹೇಳಿದರೆ ಜಾಹೀರಾತು ಆಗುತ್ತೆ. ಯಾಕೆ ನಾಲ್ಕೇ ಹಾಡು ಅಂದರೆ ಐದನೆಯದಕ್ಕೆ ದುಡ್ಡಿರಲಿಲ್ಲ. ಡ್ರಮ್ಸ್ ರೆಕಾರ್ಡ್ ಮಾಡೋಕೆ ಸ್ಟುಡಿಯೋ, ಮಿಕ್ಸಿಂಗ್‌ಗೆ ಒಬ್ಬರು, ಮಾಸ್ಟರಿಂಗ್‌ಗೆ ಇನ್ನೊಬ್ಬರು. ಎಲ್ಲಾ ಸೇರಿ ನಾಲ್ಕು ಜನರ ಒಂದು ವರ್ಷದ ಉಳಿತಾಯ. ಇಪಿ ಅಂದರೆ ಬಹಳ ಸಲ ಇಷ್ಟೇ ಮೇಡಂ. ಕೈಯಲ್ಲಿರುವ ದುಡ್ಡಿನಲ್ಲಿ ನಾವು ಯಾರು ಅಂತ ತೋರಿಸೋದು. ಅದಕ್ಕೇ ಅದರಲ್ಲಿ ಸುಮ್ನೆ ತುಂಬಿಸಿದ ಹಾಡು ಕಡಿಮೆ.

ಈಗ ಹುಡುಕೋದು. ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟಿಗೆ ಹೋಗಿ. 2008ರಿಂದ ಇದೆ. ಅಲ್ಲಿ ಕಲಾವಿದರೇ ಹಾಡು ಹಾಕ್ತಾರೆ, ಬೆಲೆ ಅವರೇ ಇಡ್ತಾರೆ. ಕೆಲವರು ‘ನಿಮಗೆ ತೋಚಿದಷ್ಟು ಕೊಡಿ’ ಅಂತಲೂ ಇಡ್ತಾರೆ. ಕೊಂಡರೆ ಎಂಪಿ3ಯೋ ಫ್ಲ್ಯಾಕೋ ಫೈಲೇ ನಿಮ್ಮ ಕೈಗೆ ಬರುತ್ತೆ. ದಾಬಸ್‌ಪೇಟೆ ಆಚೆ ನೆಟ್‌ವರ್ಕ್ ಇಲ್ಲದಿದ್ದರೂ ಅದು ಹಾಡುತ್ತೆ.

ಅಲ್ಲಿ ಪ್ರತಿ ರಿಲೀಸಿಗೂ ಟ್ಯಾಗ್ ಇರುತ್ತೆ, ಅಂದರೆ ಊರು, ಸಂಗೀತದ ಜಾತಿ ಹೇಳುವ ಚೀಟಿ, ಅದನ್ನು ಹಾಕೋದೂ ಕಲಾವಿದರೇ. ಹಾಗಾಗಿ ‘ಬೆಂಗಳೂರು’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಸ ಸ್ಪೆಲ್ಲಿಂಗಿನಲ್ಲಿ ಒಂದು ಸಲ, ಹಳೇ ಬ್ಯಾಂಗಲೋರ್ ಸ್ಪೆಲ್ಲಿಂಗಿನಲ್ಲಿ ಇನ್ನೊಂದು ಸಲ ಹುಡುಕಿ. ಎರಡೂ ಬೇರೆ ಬೇರೆ ಗುಡ್ಡೆ. ಹಳೇ ಮೆಟಲ್ ಜನ ಜಾಸ್ತಿ ಇರೋದು ಎರಡನೆಯದರಲ್ಲಿ. ಹಾಗೇ ಕನ್ನಡ ಅಂತಲೂ ಹುಡುಕಿ. ಹೊಸದು ಮೊದಲು ಬರುವ ಹಾಗೆ ಜೋಡಿಸಿಕೊಳ್ಳಿ.

ಇದನ್ನು ಎಲ್ಲರೂ ಹೇಳ್ತಾರೆ. ಎಲ್ಲರೂ ಹೇಳದ ಒಂದು ದಾರಿ ಇದೆ. ಯಾವುದೇ ಇಪಿ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಫೋಟೋ ಸಾಲಾಗಿ ಇರುತ್ತೆ. ಒಂದನ್ನು ಒತ್ತಿ. ಆ ಮನುಷ್ಯ ಇದುವರೆಗೆ ಏನೇನು ಕೊಂಡಿದ್ದಾನೆ ಅಂತ ಅಷ್ಟೂ ಕಾಣುತ್ತೆ. ಬೇರೆಯವರ ಮನೆಗೆ ಹೋದಾಗ ಪುಸ್ತಕದ ಕಪಾಟು ನೋಡ್ತೀವಲ್ಲ, ಥೇಟ್ ಹಾಗೆ. ನಿಮಗೆ ಇಷ್ಟವಾದದ್ದನ್ನು ದುಡ್ಡು ಕೊಟ್ಟು ಕೊಂಡ ಒಬ್ಬ ಮನುಷ್ಯನ ಕಿವಿ ಯಾವ ಮೆಷಿನ್ನಿಗಿಂತಲೂ ಮೇಲು. ಅವನು ಡೂಮ್ ಮೆಟಲ್ (ನಿಧಾನಕ್ಕೆ ಸಾಗುವ, ಭಾರದ ಮೆಟಲ್) ಪಕ್ಕದಲ್ಲೇ ಇಥಿಯೋಪಿಯಾದ ಜಾಝ್ ಇಟ್ಟಿರ್ತಾನೆ. ಯಾಕೆ ಅಂತ ಅವನಿಗೇ ಗೊತ್ತಿರಲ್ಲ.

ಇನ್ನೊಂದು ದಾರಿ, ಬ್ಯಾಂಡ್ ಬಿಟ್ಟು ಮನುಷ್ಯರ ಬೆನ್ನು ಹತ್ತೋದು. ಅಂಟಿಲ್ ವಿ ಲಾಸ್ಟ್ ಅಂತ ಬೆಂಗಳೂರಿನ ಪೋಸ್ಟ್-ರಾಕ್ ಬ್ಯಾಂಡ್ ಇತ್ತು. ಮಾತೇ ಇಲ್ಲದ ಸಂಗೀತ, ಮೆಲ್ಲಗೆ ಏರುವ ಗಿಟಾರು. ಅದರ ಗಿಟಾರಿಸ್ಟ್ ಕೇತನ್ ಬಾಹಿರಟ್ ಆಮೇಲೆ ಓಷನ್‌ಟೈಡ್ ಅನ್ನೋ ಹೆಸರಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡೋಕೆ ಶುರು ಮಾಡಿದರು. ಒಂದೇ ಕೈ, ಎರಡು ಲೋಕ. ಪೋಸ್ಟ್-ರಾಕ್ ಪ್ಲೇಲಿಸ್ಟ್ ಕೇಳ್ತಾ ಕೂತಿದ್ದರೆ ಇದು ನಿಮಗೆ ಜನ್ಮದಲ್ಲಿ ಸಿಗಲ್ಲ. ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್ ಕಲೆಕ್ಟಿವ್ ಅಂತ ತಮ್ಮದೇ ತಂಡ ಕಟ್ಟಿಕೊಂಡು ದಾಸರ ಪದಗಳನ್ನು ಬೇರೆ ತಾಳದಲ್ಲಿ ಹಾಡೋದೂ ಹಾಗೇ. ಹಾಗಾಗಿ ಪುಟದ ಕೊನೆಗೆ ಇಳಿದು ಕ್ರೆಡಿಟ್ಸ್ ಓದಿ. ಡ್ರಮ್ಸ್ ಯಾರು, ಮಿಕ್ಸ್ ಯಾರು. ಆ ಹೆಸರನ್ನು ಮತ್ತೆ ಹುಡುಕಿ. ಒಳ್ಳೆ ಮಿಕ್ಸ್ ಮಾಡುವವರ ಹತ್ತಿರ ರಾಕ್ ಬ್ಯಾಂಡೂ ಹೋಗುತ್ತೆ, ರ‍್ಯಾಪರೂ ಹೋಗ್ತಾನೆ.

ಕೊಳ್ಳೋದಾದರೆ ಬ್ಯಾಂಡ್‌ಕ್ಯಾಂಪ್ ಫ್ರೈಡೇ ನೋಡಿಕೊಂಡು ಕೊಳ್ಳಿ. ಮಾಮೂಲಿ ದಿನ ಡಿಜಿಟಲ್ ಮಾರಾಟದಲ್ಲಿ ಶೇ. 15 ಸೈಟಿನವರು ಹಿಡಿದುಕೊಳ್ತಾರೆ. 2020ರ ಮಾರ್ಚ್ 20ರಂದು, ಕೋವಿಡ್‌ನಿಂದ ಶೋಗಳೆಲ್ಲ ನಿಂತಾಗ, ಒಂದು ದಿನ ಆ ಪಾಲು ಬಿಟ್ಟುಕೊಟ್ಟರು. ಜನ ಮುಗಿಬಿದ್ದರು. ಆಮೇಲೆ ಅದೇ ಪದ್ಧತಿ ಆಯಿತು. ಕೆಲವು ತಿಂಗಳ ಮೊದಲ ಶುಕ್ರವಾರ ಇರುತ್ತೆ. ಅವತ್ತಿಗೆ ಅಂತಲೇ ಹೊಸ ಇಪಿ ಬಿಡುವವರೂ ಇದ್ದಾರೆ.

---

ಹಳೇ_ಪ್ಲೇಟು:

ಅಮ್ಮಾ, ‘ಇದಕ್ಕೆ ಇಪಿ ಅಂತಾರಂತೆ’ ಅಂತ ನೀವು ಬರೆದದ್ದು ಓದಿ ನಗು ಬಂತು. ನನಗೆ ಅರವತ್ತೆಂಟು. ನಮ್ಮ ಮನೆಯಲ್ಲಿ ಇಪಿ ಅಂದರೆ ಏಳು ಅಂಗುಲದ ಪ್ಲೇಟು. ನಿಮಿಷಕ್ಕೆ 45 ಸುತ್ತು. ಆ ಕಡೆ ಎರಡು ಹಾಡು, ಈ ಕಡೆ ಎರಡು ಹಾಡು. ಅಮೆರಿಕದಲ್ಲಿ ಆರ್‌ಸಿಎ ವಿಕ್ಟರ್‌ನವರು 1949ರಲ್ಲಿ 45ರ ಪ್ಲೇಟು ತಂದರು, 1952ರಲ್ಲಿ ಅದರಲ್ಲೇ ಸ್ವಲ್ಪ ಜಾಸ್ತಿ ಹಾಡು ಹಿಡಿಯುವ ಇಪಿ ಬಂತು. ನಮಗೆ ಸಿಗೋ ಹೊತ್ತಿಗೆ ಅದು ಸಿನಿಮಾ ಹಾಡಿನ ಪ್ಲೇಟು. ಸಿನಿಮಾದಲ್ಲಿ ಐದು ಹಾಡಿದ್ದರೆ ಒಂದಕ್ಕೆ ಜಾಗ ಇಲ್ಲ. ಆ ಐದನೆಯದಕ್ಕೋಸ್ಕರ ರೇಡಿಯೋ ಮುಂದೆ ಕೂತು ಕಾಯಬೇಕಿತ್ತು. ಬೇಸ್ ಬಾರಿಸುವ ತಮ್ಮ ಐದನೇ ಹಾಡಿಗೆ ದುಡ್ಡಿರಲಿಲ್ಲ ಅಂದಾಗ ಅದೇ ನೆನಪಾಯಿತು.

ನಮ್ಮ ತಂದೆ ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್ ತಂದಿದ್ದರು. ಮುಚ್ಚಳವೇ ಸ್ಪೀಕರು. ಪ್ಲೇಟು ಕೊಳ್ಳೋಕೆ ಚಿಕ್ಕಪೇಟೆಯ ಒಂದು ಅಂಗಡಿ. ನಮಗೆ ಹೊಸದು ಹುಡುಕಿಕೊಡುತ್ತಿದ್ದ ಮೆಷಿನ್ನು ಅಂದರೆ ಆ ಅಂಗಡಿಯವರೇ. ತಂದೆಯವರ ಮುಖ ನೋಡಿದ ಕೂಡಲೇ ‘ಸ್ವಾಮಿ, ನಿಮಗೆ ಇದು’ ಅಂತ ಒಳಗಿನಿಂದ ಒಂದು ಪ್ಲೇಟು ತಂದು, ಬಟ್ಟೆಯಲ್ಲಿ ಒರೆಸಿ, ಮುಳ್ಳು ಇಡುತ್ತಿದ್ದರು. ಅರ್ಧ ಹಾಡು ಕೇಳಿಸಿ ಮುಳ್ಳು ಎತ್ತಿಬಿಡುತ್ತಿದ್ದರು. ಉಳಿದರ್ಧ ಬೇಕಾದರೆ ಕೊಳ್ಳಬೇಕು. ವ್ಯಾಪಾರ ಅಂದರೆ ಅದು.

ಸಿನಿಮಾದ ಹಂಗಿಲ್ಲದ ಹಾಡು ನಮ್ಮ ಮನೆಗೆ ಬಂದದ್ದು ಕ್ಯಾಸೆಟ್ಟಿನಲ್ಲಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂತು. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಪೋಸ್ಟರ್ ಇಲ್ಲ. ಕವಿತೆ ಓದದವರ ಬಾಯಲ್ಲೂ ಕವಿತೆ. ಆ ಕ್ಯಾಸೆಟ್ಟು ನಮ್ಮ ಬೀದಿಯಲ್ಲಿ ಮನೆಯಿಂದ ಮನೆಗೆ ಸಾಲ ಹೋಗಿ, ಟೇಪು ಸಿಕ್ಕಿಕೊಂಡು, ಪೆನ್ಸಿಲ್ ಹಾಕಿ ಸುತ್ತಿ ಸುತ್ತಿ ವಾಪಸ್ ಬಂತು. ಹಿಂದೆ ಯಾರೋ ಅದರ ಮೇಲೆ ಕಾಫಿ ಲೋಟ ಇಟ್ಟ ಗುರುತು.

ಹುಡುಕೋ ದಾರಿ ನನಗೆ ಗೊತ್ತಿಲ್ಲ. ಸಾಲ ಕೊಡುವವರನ್ನು ಹುಡುಕಿ ಅಂತ ಮಾತ್ರ ಹೇಳಬಲ್ಲೆ. ನಿಮ್ಮ ಸ್ಟೋರ್ಸ್ ಹುಡುಗ ಇದ್ದಾನಲ್ಲ, ಅವನನ್ನು ಬಿಡಬೇಡಿ.

---

ಹುಬ್ಳಿ_ಗಿರ್ಮಿಟ್:

ಬ್ಯಾಂಡ್‌ಕ್ಯಾಂಪ್ ಚಲೋನೇ ಐತಿ ಅಣ್ಣ, ಆದರೆ ಅದು ಗಿಟಾರ್ ಮಂದಿಯ ಊರು. ನಮ್ಮ ಕಡೆ ಹುಡುಗರು ಅಲ್ಲಿ ಇಲ್ಲ. ಹುಬ್ಬಳ್ಳಿ, ದಾವಣಗೆರೆ ಕಡೆ ರ‍್ಯಾಪ್ ಮಾಡೋರು ಇಪಿ ಅಂತ ಅನ್ನೋದೂ ಇಲ್ಲ. ‘ನಾಕು ಟ್ರ್ಯಾಕ್ ಬಿಟ್ಟಾನ’ ಅಂತಾರೆ, ಅಷ್ಟೇ. ಮೊದಲು ಬರೋದು ಯೂಟ್ಯೂಬಿಗೆ. ಫೋನಿನಲ್ಲೇ ಶೂಟ್ ಮಾಡಿದ ವಿಡಿಯೋ, ಹಿಂದೆ ಯಾರದೋ ಮನೆಯ ಟೆರೇಸು, ಟೆರೇಸಿನ ಮೇಲೆ ಒಣ ಹಾಕಿದ ಸಂಡಿಗೆ.

ಅಕ್ಕಾ, ನೀವು ಶುರು ಮಾಡೋದಾದರೆ ಗೊತ್ತಿರುವ ಹೆಸರಿನಿಂದಲೇ ಶುರು ಮಾಡ್ರಿ. ಗುಬ್ಬಿ, ಎಂಸಿ ಬಿಜ್ಜು, ರಾಹುಲ್ ಡಿಟ್-ಓ, ಹೆಣ್ಣುಮಕ್ಕಳಲ್ಲಿ ಸಿರಿ. ಇವರು ಕನ್ನಡದಲ್ಲಿ ರ‍್ಯಾಪ್ ಮಾಡೋರು, ಹುಡುಕಿದರೆ ಸಿಗ್ತಾರೆ. ಆದರೆ ಅಲ್ಲೇ ನಿಲ್ಲಬ್ಯಾಡ್ರಿ. ವಿಡಿಯೋ ಕೆಳಗೆ ವಿವರಣೆ ತೆಗೆದು ಬೀಟ್, ಅಂದರೆ ಮಾತಿನ ಹಿಂದಿನ ತಾಳ-ಸಂಗೀತ, ಯಾರು ಮಾಡಿದ್ದು ಅಂತ ನೋಡ್ರಿ. ಬೀಟ್ ಮಾಡೋ ಹುಡುಗ ಹತ್ತು ಜನಕ್ಕೆ ಮಾಡಿರ್ತಾನೆ. ಹತ್ತರಲ್ಲಿ ಎಂಟು ಕೆಟ್ಟದಿರುತ್ತೆ, ಸುಳ್ಳು ಯಾಕೆ ಹೇಳಲಿ. ಗಾಡಿ, ಚೈನು, ‘ನಾನೇ ರಾಜ’. ಉಳಿದ ಎರಡರಲ್ಲಿ ಒಬ್ಬ ತನ್ನ ಓಣಿಯ ನಲ್ಲಿ ನೀರಿನ ಬಗ್ಗೆ, ಅವ್ವನ ಬೀಡಿ ಕೆಲಸದ ಬಗ್ಗೆ ಹಾಡಿರ್ತಾನೆ. ಅದನ್ನು ಕೇಳಿದ ಮೇಲೆ ಎಂಟು ಕೆಟ್ಟದ್ದನ್ನು ಮರೆತುಬಿಡ್ತೀರಿ.

ಹನುಮಾನ್‌ಕೈಂಡ್ ಗೊತ್ತಲ್ಲ? ಮಲಯಾಳಿ, ಬೆಂಗಳೂರಲ್ಲೇ ಇದ್ದವನು. 2024ರ ಜುಲೈನಲ್ಲಿ ‘ಬಿಗ್ ಡಾಗ್ಸ್’ ಬಂದು ಜಗತ್ತೆಲ್ಲ ಕೇಳಿತು. ಆತ 2019ರಲ್ಲೇ ‘ಕಲರಿ’ ಅಂತ ಇಪಿ ಬಿಟ್ಟಿದ್ದ. ಅವಾಗ ನನ್ನ ರೂಮ್‌ಮೇಟ್ ಕೇಳಿಸಿದ್ದಾಗ ನಾನು ‘ಇಂಗ್ಲಿಷ್ ಐತಿ, ಬ್ಯಾಡ’ ಅಂತ ಅರ್ಧಕ್ಕೆ ನಿಲ್ಲಿಸಿದ್ದೆ. ಈಗ ಎಲ್ಲರ ಮುಂದೆ ‘ನಾನು ಮೊದಲೇ ಕೇಳಿದ್ದೆ’ ಅಂತ ಹೇಳ್ತೀನಿ. ನಿಮ್ಮ ಮುಂದೆ ಮಾತ್ರ ನಿಜ.

---

ಬೇಸ್_ಬಾರಿಸೋನು:

@ಹುಬ್ಳಿ_ಗಿರ್ಮಿಟ್ ಒಪ್ಪಿದೆ ಗುರೂ. ಬ್ಯಾಂಡ್‌ಕ್ಯಾಂಪಿನಲ್ಲಿ ಕನ್ನಡ ಟ್ಯಾಗ್ ಒತ್ತಿದರೆ ಸಿಗೋದು ನಿಜವಾಗಲೂ ಕಡಿಮೆ.

ಆದರೆ ಸ್ಟ್ರೀಮಿಂಗ್‌ನಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ. ಹೆಸರು ನಂಬಬೇಡಿ. ನಮಗಾದದ್ದು ಹೇಳ್ತೀನಿ. ನಾವು ಹಾಡನ್ನು ನೇರ ಆ್ಯಪ್‌ಗಳಿಗೆ ಹಾಕೋಕೆ ಆಗಲ್ಲ, ನಡುವೆ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ವರ್ಷಕ್ಕೆ ಇಷ್ಟು ಅಂತ ಕಟ್ಟಿ ಒಬ್ಬರ ಮೂಲಕ ಹಾಕಿದ್ವಿ. ಶುಕ್ರವಾರ ಬೆಳಿಗ್ಗೆ ರಿಲೀಸು. 2015ರ ಜುಲೈಯಿಂದ ಜಗತ್ತಿನಲ್ಲೆಲ್ಲ ಹೊಸ ಸಂಗೀತ ಬರೋದು ಶುಕ್ರವಾರವೇ. ನಾವು ರಾತ್ರಿ ಹನ್ನೆರಡಕ್ಕೇ ಎದ್ದು ಕೂತಿದ್ವಿ. ಹನ್ನೆರಡು ಆಯಿತು, ನಮ್ಮ ಪುಟದಲ್ಲಿ ಏನೂ ಇಲ್ಲ. ಒಂದು ಗಂಟೆ, ಏನೂ ಇಲ್ಲ. ಒಂದೂವರೆಗೆ ನಮ್ಮ ಡ್ರಮ್ಮರ್ ಕೂಗಿದ, ‘ಸಿಕ್ತು ಕಣ್ರೋ!’ ಸಿಕ್ಕಿದ್ದು ಎಲ್ಲಿ? ನಮ್ಮದೇ ಹೆಸರಿನ ಬ್ರೆಜಿಲ್‌ನ ಒಬ್ಬ ಟೆಕ್ನೋ ಡಿಜೆಯ ಪುಟದಲ್ಲಿ. ಅವನ ಕನ್ನಡಕ ಹಾಕಿದ ಫೋಟೋ ಕೆಳಗೆ ನಮ್ಮ ನಾಲ್ಕು ಕನ್ನಡ ಹಾಡು. ಅಲ್ಲಿಂದ ನಮ್ಮ ಪುಟಕ್ಕೆ ತರಿಸೋಕೆ ಹತ್ತೊಂಬತ್ತು ದಿನ, ಏಳು ಈಮೇಲ್. ಮೊದಲ ವಾರದ ಕಿವಿಗಳೆಲ್ಲ ಹೋದವು. ಬ್ರೆಜಿಲ್‌ನಿಂದ ಒಬ್ಬರು ಮಾತ್ರ ಹುಡುಕಿಕೊಂಡು ಬಂದು, ಇದು ಯಾವ ಭಾಷೆ, ಮೂರನೇ ಹಾಡು ಚೆನ್ನಾಗಿದೆ ಅಂತ ಮೆಸೇಜ್ ಮಾಡಿದರು. ನಮ್ಮ ಅತಿ ದೂರದ ಅಭಿಮಾನಿ ಅವರೇ, ಈಗಲೂ.

ಇದನ್ನು ಯಾಕೆ ಹೇಳಿದೆ ಅಂದರೆ, 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ಹನ್ನೆರಡು ತಿಂಗಳಲ್ಲಿ ಕನಿಷ್ಠ ಸಾವಿರ ಸಲ ಕೇಳದಿದ್ದರೆ ಆ ಹಾಡಿಗೆ ದುಡ್ಡೇ ಹುಟ್ಟಲ್ಲ. ಮೂವತ್ತು ಸೆಕೆಂಡ್ ದಾಟಿದರೆ ಮಾತ್ರ ಒಂದು ಸಲ ಅಂತ ಲೆಕ್ಕ. ಹೊಸದು ಹಿಡಿಸದಿದ್ದರೂ ಮೂವತ್ತೊಂದು ಸೆಕೆಂಡ್ ಕೇಳಿ ಬಿಡಿ ಮಾರಾಯ್ರೆ, ನಿಮ್ಮ ಗಂಟೇನೂ ಹೋಗಲ್ಲ.

---

ಸಿಯಾಟಲ್_ಮಳೆ:

ನಾನು ಮೂಲತಃ ತಿಪಟೂರು. ಕ್ಯಾತಸಂದ್ರ ಅಂತ ನೋಡಿದ ಕೂಡಲೇ ಒಳಗೆ ಬಂದೆ. ಸಿದ್ಧಗಂಗೆ ಜಾತ್ರೆಗೆ ಅಲ್ಲೇ ಇಳೀತಿದ್ವಿ.

ಈಗ ಇರೋದು ಅಮೆರಿಕದ ಸಿಯಾಟಲ್‌ನಲ್ಲಿ. ಇಲ್ಲಿ ಕೆಇಎಕ್ಸ್‌ಪಿ ಅಂತ ಒಂದು ರೇಡಿಯೋ ಇದೆ, 90.3 ಎಫ್‌ಎಂ. 1972ರಲ್ಲಿ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ವಿದ್ಯಾರ್ಥಿಗಳ ರೇಡಿಯೋ ಆಗಿ ಶುರುವಾದದ್ದು. 2001ರಿಂದ ಈ ಹೆಸರು. ಜಾಹೀರಾತಿಲ್ಲ, ಕೇಳುಗರ ಚಂದಾದಿಂದ ನಡೆಯುತ್ತೆ. ನಾನು ಬಂದ ಹೊಸದರಲ್ಲಿ ಕಾರಿನಲ್ಲಿ ಸುಮ್ನೆ ಹಾಕಿದ್ದು, ಈಗ ಅದೇ ನನ್ನ ಚಿಕ್ಕಪೇಟೆ ಅಂಗಡಿ. ಹಳೇ_ಪ್ಲೇಟು ಸಾರ್ ಬರೆದದ್ದು ಓದಿ ಹಾಗನ್ನಿಸಿತು. ಹಾಡು ಆರಿಸೋದು ಮನುಷ್ಯರು. ಈ ಊರಿನ ಬ್ಯಾಂಡ್‌ಗಳಿಗೇ ಅಂತ ‘ಆಡಿಯೋಯೇಸಿಸ್’ ಅನ್ನೋ ಕಾರ್ಯಕ್ರಮ ಇದೆ. ಹಿಪ್‌ಹಾಪ್‌ಗೆ ‘ಸ್ಟ್ರೀಟ್ ಸೌಂಡ್ಸ್’, ಲ್ಯಾಟಿನ್ ಸಂಗೀತಕ್ಕೆ ‘ಎಲ್ ಸೊನೀಡೋ’.

ಆನ್‌ಲೈನಿನಲ್ಲಿ ಎಲ್ಲಿಂದಲಾದರೂ ಕೇಳಬಹುದು. ನನಗೆ ಅದಕ್ಕಿಂತ ಇಷ್ಟ ಅವರ ಪ್ಲೇಲಿಸ್ಟ್ ಪುಟ. ಎಷ್ಟು ಗಂಟೆಗೆ ಯಾವ ಹಾಡು ಹಾಕಿದರು, ಯಾವ ರಿಲೀಸಿನದ್ದು, ಯಾವ ವರ್ಷ, ಎಲ್ಲಾ ಇರುತ್ತೆ. ಕೆಲವು ಸಲ ಡಿಜೆ ಎರಡು ಸಾಲು ಬರೆದೂ ಇರ್ತಾರೆ. ನಾನು ಊಟದ ಹೊತ್ತಿನಲ್ಲಿ ಆ ಪಟ್ಟಿ ತೆಗೆದು ಇಪಿ ಅಂತ ಇರೋದನ್ನು ಮಾತ್ರ ಆರಿಸಿಕೊಳ್ತೀನಿ.

ನಿಮ್ಮ ಬೆಳಿಗ್ಗೆ ಏಳೂವರೆ ಅಂದರೆ ಈಗ ಚಳಿಗಾಲದಲ್ಲಿ ಇಲ್ಲಿ ಹಿಂದಿನ ದಿನದ ಸಂಜೆ ಆರು. ನೀವು ಟ್ರೈನಿನಲ್ಲಿ, ನಾನು ಟ್ರಾಫಿಕ್ಕಿನಲ್ಲಿ. ಒಂದೇ ಹಾಡು ಕೇಳ್ತಾ ಹೋಗಬಹುದು, ಅಲ್ವಾ?

---

ಕ್ಯಾತಸಂದ್ರ_ಪ್ಯಾಸೆಂಜರ್:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ.

ಮೊನ್ನೆ ಒಂದು ಇಪಿ ಕೊಳ್ಳೋಕೆ ಹೋದೆ. ಐದು ಡಾಲರ್. ಮೂರು ಸಲ ಕಾರ್ಡ್ ಹಾಕಿದೆ, ಮೂರು ಸಲವೂ ಆಗಲಿಲ್ಲ. ನಮ್ಮನೆಯವರು ಪಕ್ಕದಲ್ಲಿ ಕೂತು, ‘ಹಾಡಿಗೂ ದುಡ್ಡು ಕೊಡ್ತಾರಾ ಈ ಕಾಲದಲ್ಲಿ’ ಅಂತ ನಗ್ತಿದ್ದರು. ಏನು ಮಾಡಲಿ?

---

ಬೇಸ್_ಬಾರಿಸೋನು:

ಬ್ಯಾಂಕ್ ಆ್ಯಪ್ ತೆಗೆದು ಕಾರ್ಡ್ ಸೆಟ್ಟಿಂಗ್ಸ್‌ನಲ್ಲಿ ಇಂಟರ್‌ನ್ಯಾಷನಲ್ ಅಂತ ಇರುತ್ತೆ, ಆನ್ ಮಾಡಿ. 2020ರಲ್ಲಿ ಆರ್‌ಬಿಐ ನಿಯಮ ಬಂದ ಮೇಲೆ ಹೊಸ ಕಾರ್ಡ್‌ಗಳಲ್ಲಿ ಅದು ಮೊದಲಿಗೆ ಆಫ್ ಆಗಿಯೇ ಬರೋದು. ಮಿತಿ ಐನೂರೋ ಸಾವಿರವೋ ಇಟ್ಟುಕೊಳ್ಳಿ, ಕೊಂಡಾದ ಮೇಲೆ ಮತ್ತೆ ಆಫ್ ಮಾಡಿ. ನಿಮ್ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

---

ಕ್ಯಾತಸಂದ್ರ_ಪ್ಯಾಸೆಂಜರ್:

ಮೂರು ವಾರ ಆಯಿತು, ವರದಿ ಒಪ್ಪಿಸ್ತಿದ್ದೀನಿ.

ಕಾರ್ಡ್ ಆಯಿತು. ಆಫೀಸಿನಲ್ಲಿ ಕಳೆದ ವರ್ಷದ ಒಂದು ಖಾಲಿ ಲೆಡ್ಜರ್ ಬಿದ್ದಿತ್ತು, ಅದನ್ನು ತಂದು ಕಾಲಂ ಎಳೆದೆ. ತಾರೀಖು, ಯಾರು ಹೇಳಿದ್ದು, ಎಲ್ಲಿ ಶುರು, ಎಲ್ಲಿ ಮುಗೀತು, ಮತ್ತೆ ಕೇಳ್ತೀನಾ. ಇದುವರೆಗೆ ಇಪ್ಪತ್ತೆರಡು ಇಪಿ. ಹದಿಮೂರು ಒಂದು ಸಲಕ್ಕೆ ಸಾಕು. ಆರು ಪರವಾಗಿಲ್ಲ. ಮೂರು ನನ್ನವು. ಗಿರ್ಮಿಟ್ ಹೇಳಿದ ಹತ್ತಕ್ಕೆ ಎರಡಕ್ಕಿಂತ ನನ್ನ ಲೆಕ್ಕ ಸ್ವಲ್ಪ ಕಡಿಮೆ. ಆ ಹದಿಮೂರರಲ್ಲಿ ಪ್ರತಿಯೊಂದನ್ನೂ ಮೂವತ್ತೊಂದು ಸೆಕೆಂಡ್ ದಾಟಿಸಿದ್ದೀನಿ ಸಾರ್, ಮಾತು ಉಳಿಸಿಕೊಂಡಿದ್ದೀನಿ.

ಜಾಸ್ತಿ ಕೆಲಸಕ್ಕೆ ಬಂದದ್ದು ಕೊಂಡವರ ಫೋಟೋ ಒತ್ತುವ ದಾರಿ. ಬೆಂಗಳೂರಿನ ಒಂದು ಡೂಮ್ ಬ್ಯಾಂಡ್ ಇದೆಯಲ್ಲ, ಬೇವರ್ ಸೀ. ಹೆಸರನ್ನು ಬೇಗ ಬೇಗ ಓದಿ ನೋಡಿ. ಲೇಡೀಸ್ ಡಬ್ಬಿಯಲ್ಲಿ ಯಾರಾದರೂ ‘ಏನು ಕೇಳ್ತಿದ್ದೀಯ’ ಅಂದರೆ ಜೋರಾಗಿ ಹೇಳೋ ಹಾಗಿಲ್ಲ. ಅವರ ಪುಟದಲ್ಲಿ ಪೋಲೆಂಡಿನ ಒಬ್ಬರ ಫೋಟೋ ಒತ್ತಿದೆ. ಅವರ ಕಪಾಟಿನಲ್ಲಿ ಸಾವಿರಕ್ಕೂ ಮೇಲೆ ಇವೆ. ಮೆಟಲ್ಲು, ಮಧ್ಯೆ ಮಧ್ಯೆ ಪಿಯಾನೋ, ಒಂದು ಕಡೆ ಬರೀ ಹಕ್ಕಿ ಕೂಗು ಇಪ್ಪತ್ತು ನಿಮಿಷ. ಹಕ್ಕಿ ಕೂಗಿಗೆ ದುಡ್ಡು ಕೊಟ್ಟಿದ್ದಾರೆ! ನಮ್ಮನೆಯವರಿಗೆ ತೋರಿಸಿದೆ. ಏನೂ ಹೇಳಲಿಲ್ಲ, ಸುಮ್ನೆ ಎದ್ದು ಹೋದರು. ಆದರೆ ಅದೇ ಕಪಾಟಿನಲ್ಲಿ ಸಿಕ್ಕಿದ ಒಂದು ಪಿಯಾನೋ ಇಪಿ ನನ್ನ ಮೂರರಲ್ಲಿ ಒಂದು. ದಾಬಸ್‌ಪೇಟೆ ಬಂಡೆಗಳ ಹತ್ತಿರ ಮಂಜು ಇರುವ ದಿನ ಮಾತ್ರ ಕೇಳ್ತೀನಿ. ಮಂಜಿಲ್ಲದ ದಿನ ಕೂರಲ್ಲ ಅದು.

ಓಷನ್‌ಟೈಡ್ ನನಗೆ ಬೆಳಿಗ್ಗೆ ಹಿಡಿಸಲಿಲ್ಲ, ಸಂಜೆ ಹಿಡಿಸಿತು. ಅಂಟಿಲ್ ವಿ ಲಾಸ್ಟ್ ಎರಡೂ ಹೊತ್ತು. ಹುಬ್ಬಳ್ಳಿ ತಮ್ಮಾ, ನಲ್ಲಿ ನೀರಿನ ಹಾಡು ಸಿಗಲಿಲ್ಲ, ಆದರೆ ನೀನು ಹೇಳಿದ ಹಾಗೆ ಒಬ್ಬ ಬೀಟ್ ಹುಡುಗನನ್ನು ಹಿಡಿದು ಹೋದರೆ ಚಳ್ಳಕೆರೆಯ ಒಬ್ಬ ಹುಡುಗ ಸಿಕ್ಕ. ಇನ್ನೂರ ನಲವತ್ತು ಜನ ನೋಡಿದ್ದಾರೆ, ಅದರಲ್ಲಿ ಆರು ಸಲ ನಾನೇ. ತಿಪಟೂರು ಮೇಡಮ್ಮೋ ಸಾರೋ, ನಿಮ್ಮ ಪ್ಲೇಲಿಸ್ಟ್ ಪುಟ ದಿನಾ ತೆಗೀತೀನಿ. ಮಂಗಳವಾರ ಒಂದೇ ಹಾಡು ಕೇಳಿದ್ವಿ ಅಂದುಕೊಂಡಿದ್ದೀನಿ, ಟ್ರೈನು ಆಗ ಹಿರೇಹಳ್ಳಿಯಲ್ಲಿತ್ತು.

ನಿನ್ನೆ ಒಂದು ಮೆಟಲ್ ಇಪಿ ಕೇಳ್ತಿದ್ದೆ. ಪಕ್ಕದಲ್ಲಿ ಅವರೇಕಾಯಿ ಬಿಡಿಸ್ತಿದ್ದ ಅಕ್ಕ, ದಿನಾ ಸಿಗುವವರು, ‘ಮೂರು ವಾರದಿಂದ ನೋಡ್ತಿದ್ದೀನಿ, ಏನು ಅಷ್ಟು ಬರ್ಕೊಳ್ತೀಯ, ಕೊಡು ಇಲ್ಲಿ’ ಅಂತ ಒಂದು ಕಡೆ ಇಯರ್‌ಫೋನ್ ಕಿತ್ತುಕೊಂಡು ಕಿವಿಗೆ ಇಟ್ಟುಕೊಂಡರು. ಆ ಹಾಡುಗಾರ ಗಂಟಲು ಹರಿಯೋ ಹಾಗೆ ಕಿರುಚುತ್ತಿದ್ದ. ಅಕ್ಕ ಕಾಯಿ ಬಿಡಿಸೋದು ನಿಲ್ಲಿಸದೆ ಪೂರ್ತಿ ಹಾಡು ಕೇಳಿದರು. ಮುಗಿದ ಮೇಲೆ ಇಯರ್‌ಫೋನ್ ವಾಪಸ್ ಕೊಟ್ಟು, ‘ಡೋಲು ಬಾರಿಸೋನು ಚೆನ್ನಾಗಿದಾನೆ. ಹಾಡೋ ಹುಡುಗನಿಗೆ ಶುಂಠಿ ಕಷಾಯ ಕುಡಿಯೋಕೆ ಹೇಳು’ ಅಂದರು.

ಡ್ರಮ್ಮರ್ ಹೆಸರು ಕ್ರೆಡಿಟ್ಸ್‌ನಲ್ಲಿ ಸಿಕ್ಕಿತು. ಇನ್ನೆರಡು ಬ್ಯಾಂಡಿನಲ್ಲಿ ಬಾರಿಸಿದ್ದಾರೆ. ನಾಳೆ ಬೆಳಿಗ್ಗೆಗೆ ಒಂದು ಇಳಿಸಿಟ್ಟುಕೊಂಡಿದ್ದೀನಿ. ‘ಯಾರು ಹೇಳಿದ್ದು’ ಕಾಲಂನಲ್ಲಿ ಅಕ್ಕನ ಹೆಸರು ಬರೆದಿದ್ದೀನಿ.